ಬದನೆಕಾಯಿ ಬಣ್ಣದ ಪಡೆ

ಎನಾಕ್ ಓಲ್ಡ್‌ರಾಯ್ಡ್ ಶೂ ಡಬ್ಬಿಯ ಮುಚ್ಚಳ ತೆಗೆದರು. ಗ್ಯಾರೆತ್ ಬಾಯಿಗೆ ಒಯ್ಯುತ್ತಿದ್ದ ಬೇಕನ್ ಬನ್ನು ಅರ್ಧದಾರಿಯಲ್ಲೇ ನಿಂತಿತು. ಆಟದ ಮೇಜಿನ ಮೇಲೆ ಅಡುಗೆ ಸೋಡಾದ ಹಿಮ ಉದುರಿಸುತ್ತಿದ್ದ ನನ್ನ ಜರಡಿಯೂ ನಿಂತಿತು.

ಡಬ್ಬಿಯೊಳಗೆ ತೆಳು ಕಾಗದದ ಹಾಸಿಗೆಯ ಮೇಲೆ ಇಪ್ಪತ್ನಾಲ್ಕು ತವರದ ಪ್ರಶ್ಯನ್ ಕಾಲಾಳುಗಳು ಮಲಗಿದ್ದರು. ಒಬ್ಬೊಬ್ಬನೂ ಹೆಬ್ಬೆರಳಿನ ಗೆಣ್ಣಿನಷ್ಟು ಎತ್ತರ. ಮೂರು ಮೂಲೆಯ ಟೋಪಿ, ಟೋಪಿಯ ಅಂಚಿಗೆ ಕೂದಲೆಳೆಯಂಥ ಬಿಳಿ ಗೆರೆ, ಕೆಂಪು ಮುಂಗೈಪಟ್ಟಿ, ಸೂಜಿಮೊನೆಯಲ್ಲಿ ಇಟ್ಟಂಥ ಹಿತ್ತಾಳೆ ಗುಂಡಿಗಳು, ಎಲ್ಲವೂ ಇದ್ದವು. ಕೋಟು ಮಾತ್ರ ಬದನೆಕಾಯಿ ಬಣ್ಣ.

ಹಳೆಯ ಜರ್ಮನ್ ರಾಜ್ಯವಾದ ಪ್ರಶ್ಯದ ಕಾಲಾಳಿನ ಕೋಟು ಕಡುನೀಲಿ. ಪ್ರತಿ ವರ್ಷ ಅಕ್ಟೋಬರಿನಲ್ಲಿ ನಮ್ಮೂರ ಕ್ರೀಡಾಭವನಕ್ಕೆ ಪುಟಾಣಿ ಯುದ್ಧಗಳನ್ನು ಆಡಲು, ನೋಡಲು ಬರುವ ಎಂಟುನೂರು ಜನರಲ್ಲಿ ಹೆಂಡತಿಯ ಹುಟ್ಟುಹಬ್ಬ ನೆನಪಿಲ್ಲದವರು ಎಷ್ಟು ಬೇಕಾದರೂ ಸಿಗುತ್ತಾರೆ. ಪ್ರಶ್ಯದ ನೀಲಿ ಗೊತ್ತಿಲ್ಲದವರು ಒಬ್ಬರೂ ಸಿಗುವುದಿಲ್ಲ. ಅದನ್ನು ನನಗೆ ಕಲಿಸಿದವರೇ ಎನಾಕ್.

"ಹೆಂಗಿದೆ?" ಎಂದರು.

ಗ್ಯಾರೆತ್ ಬಾಯಿ ತೆರೆದ. ಅವನು ನಮ್ಮ ಆಟದ ಕ್ಲಬ್ಬಿನವನು, ಕೊಳಾಯಿ ಕೆಲಸದವನು. ಸೋರುವುದನ್ನು ಕಂಡರೆ ಸೋರುತ್ತಿದೆ ಎಂದು ಹೇಳಿಯೇ ಅವನಿಗೆ ಅಭ್ಯಾಸ. ಮೇಜಿನ ಕೆಳಗೆ ಅವನ ಕಾಲನ್ನು ಜೋರಾಗಿ ತುಳಿದೆ.

"ತುಂಬಾ ಚೆನ್ನಾಗಿದೆ ಎನಾಕ್," ಎಂದೆ.

"ಹೂಂ... ಚೆನ್ನಾಗಿದೆ," ಎಂದ ಗ್ಯಾರೆತ್, ನೋವಿನ ದನಿಯಲ್ಲಿ.

"ಬಣ್ಣ ಎಲ್ಲಾ ಸರಿಯಾಗಿ ಬಂದಿದೆಯಾ ಬ್ರಯನಿ?"

"ಬಹಳ ಸರಿಯಾಗಿ ಬಂದಿದೆ."

ಎನಾಕ್ ನಮ್ಮಿಬ್ಬರನ್ನೂ ಒಂದು ಸುತ್ತು ನೋಡಿದರು. ಆಮೇಲೆ ಒಬ್ಬೊಬ್ಬ ಸೈನಿಕನನ್ನೂ ತೆಗೆದು ಹಿಮದ ಮೇಲೆ ಸಾಲಾಗಿ ನಿಲ್ಲಿಸತೊಡಗಿದರು.

ಅವರಿಗೆ ಎಂಬತ್ತೆರಡು. ಕಣ್ಣಿಗೆ ಪೊರೆ ಬಂದಿತ್ತು. ಏಪ್ರಿಲ್‌ನಲ್ಲಿ ಕೊನೆಯ ಬಾರಿ ಕ್ಲಬ್ಬಿಗೆ ಬಂದಾಗ ಫಿರಂಗಿಯ ಚಕ್ರವನ್ನು ಸೊಟ್ಟಗೆ ಅಂಟಿಸಿ ತಂದಿದ್ದರು. ಆಮೇಲೆ ಬಂದಿರಲಿಲ್ಲ. ಈಗ ತಮ್ಮ ದಪ್ಪ ಕನ್ನಡಕವನ್ನೂ ಮನೆಯಲ್ಲೇ ಮರೆತು, ಒಬ್ಬರೇ ಬಸ್ಸಿನಲ್ಲಿ ಬಂದಿದ್ದರು. ನಾನು ಹನ್ನೊಂದು ವರ್ಷದವಳಾಗಿದ್ದಾಗಿನಿಂದ ನನ್ನನ್ನು ಸಗ್ಡನ್ ಎಂದು ಮನೆತನದ ಹೆಸರಿನಿಂದಲೇ ಕೂಗುತ್ತಿದ್ದವರು ಈ ಬೆಳಿಗ್ಗೆಯಿಂದ ಬ್ರಯನಿ, ಬ್ರಯನಿ ಎನ್ನುತ್ತಿದ್ದರು. ಅದೂ ವಯಸ್ಸಿನ ಲಕ್ಷಣ ಎಂದುಕೊಂಡೆ.

ನಾನು ವೃದ್ಧರ ಆರೈಕೆಯ ಮನೆಯೊಂದರಲ್ಲಿ ಕೆಲಸ ಮಾಡುವವಳು. ಅಲ್ಲಿ ಶ್ರೀಮತಿ ಮೆಟ್‌ಕಾಫ್ ಎಂಬವರು ಪ್ರತಿದಿನ ಬೆಳಿಗ್ಗೆ ಕೋಟು ಹಾಕಿಕೊಂಡು, ಗಿರಣಿಗೆ ಹೋಗುವ ಬಸ್ಸು ಬಂತೇ ಎಂದು ಕೇಳುತ್ತಾರೆ. ಗಿರಣಿ ಮುಚ್ಚಿ ನಲವತ್ತು ವರ್ಷವಾಯಿತು. "ಇವತ್ತು ಬಸ್ಸು ತಡ, ಅಷ್ಟರಲ್ಲಿ ಟೀ ಕುಡೀರಿ," ಎನ್ನುತ್ತೇನೆ. ಕುಡಿಯುತ್ತಾರೆ. ಹಿರಿಯರನ್ನು ತಿದ್ದಬಾರದು, ಅದು ನನ್ನ ಕೈಗೆ, ನಾಲಿಗೆಗೆ ಹತ್ತಿಹೋದ ಅಭ್ಯಾಸ. ಇವತ್ತು ಸಂಜೆ ಐದರವರೆಗೆ ಎನಾಕ್‌ಗೆ ಸತ್ಯ ತಿಳಿಯದಂತೆ ನೋಡಿಕೊಂಡರೆ ಸಾಕು, ಅವರು ತಲೆಯೆತ್ತಿಕೊಂಡು ಮನೆಗೆ ಹೋಗುತ್ತಾರೆ ಎಂದು ಲೆಕ್ಕ ಹಾಕಿದೆ.

ಅಡ್ಡಿಯೆಂದರೆ ಒಬ್ಬನೇ, ಗುಂಡಿ ನೋರಿಸ್.

ನೋರಿಸ್ ಕ್ರ್ಯಾಬ್‌ಟ್ರೀಯನ್ನು ಯಾರೂ ತೀರ್ಪುಗಾರನನ್ನಾಗಿ ನೇಮಿಸಿಲ್ಲ. ನಲವತ್ತು ವರ್ಷದಿಂದ ಅವನೇ ಬಂದು, ಕೊರಳಿಗೆ ಭೂತಗನ್ನಡಿ ತೂಗುಹಾಕಿಕೊಂಡು, ರಬ್ಬರ್ ಪಟ್ಟಿ ಸುತ್ತಿದ ಪುಸ್ತಕ ಹಿಡಿದು, ಮೇಜಿನಿಂದ ಮೇಜಿಗೆ ಹೋಗಿ ಸೈನಿಕರ ಗುಂಡಿ ಎಣಿಸುತ್ತಾನೆ. ಎಣಿಸಿ ತಪ್ಪು ಹೇಳುತ್ತಾನೆ. ಜನ ಅವನನ್ನು ಬಯ್ಯುತ್ತಾರೆ. ತಮ್ಮ ಮೇಜಿಗೆ ಅವನು ಬಾರದೆ ಹೋದರೆ ಇನ್ನೂ ಹೆಚ್ಚು ಬಯ್ಯುತ್ತಾರೆ.

"ಟೀ ತರ್ತೀನಿ," ಎಂದು ಹೇಳಿ ಹೊರಟೆ.

ಬೇರೆ ವರ್ಷವಾಗಿದ್ದರೆ ಆ ಹಾಲ್ ದಾಟಲು ನನಗೆ ಎರಡು ಗಂಟೆ ಬೇಕು. ಬ್ಯಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ರೋಮನ್ನರು ಕೋಟೆಗೆ ಏಣಿ ಹಾಕುತ್ತಿದ್ದರು. ಬ್ಯಾಡ್ಮಿಂಟನ್ ಗೆರೆಗಳ ನಡುವೆ ಮರುಭೂಮಿ, ಅದರಲ್ಲಿ ಒಂಟೆಗಳ ಸಾಲು. ಒಂದೊಂದು ಒಂಟೆಯ ಬೆನ್ನಿನ ಮೇಲೂ ಅಕ್ಕಿಕಾಳಿನಷ್ಟು ಚಿಕ್ಕ ನೀರಿನ ಚೀಲ. ಯಾರೋ ಹತ್ತಿಯಲ್ಲಿ ಮಾಡಿದ ಫಿರಂಗಿ ಹೊಗೆಯೊಳಗೆ ಸಣ್ಣ ದೀಪ ಇಟ್ಟಿದ್ದರು. ಪಕ್ಕದ ಈಜುಕೊಳದ ಕ್ಲೋರಿನ್ ವಾಸನೆ, ಬೇಕನ್ ಕರಿಯುವ ವಾಸನೆ, ಬೆನ್ನುಚೀಲ ಹೊತ್ತ ಗಂಡಸರ ಬೆವರು. ವರ್ಷದಲ್ಲಿ ಇದೊಂದು ಶನಿವಾರ ನನ್ನದು. ಅದನ್ನು ಗಂಡ ಇಯಾನ್‌ಗೆ ಆಗಸ್ಟ್‌ನಲ್ಲೇ ಹೇಳಿಟ್ಟಿದ್ದೆ. ಜೇಬಿನಲ್ಲಿ ಫೋನ್ ನಡುಗಿತು. ಇಯಾನ್. "ಚಿಕ್ಕವಳ ಈಜುಚಡ್ಡಿ ಎಲ್ಲಿ?"

"ಒಗೆಯೋ ಮೆಷಿನ್ ಒಳಗೆ," ಎಂದು ಕಳಿಸಿದೆ.

ಹಳೆ ಸಾಮಾನಿನ ಮೇಜಿನ ಬಳಿ ನೋರಿಸ್ ಸಿಕ್ಕ. ಒಂದು ಕುದುರೆಯ ಹೊಟ್ಟೆಯ ಕೆಳಗೆ ಭೂತಗನ್ನಡಿ ಹಿಡಿದು ಬಗ್ಗಿದ್ದ.

"ನೋರಿಸ್, ಒಂದು ಉಪಕಾರ ಆಗ್ಬೇಕು."

"ಜೀನಿನ ಪಟ್ಟಿ ಒಂದೇ ಇದೆ. ಎರಡಿರ್ಬೇಕು," ಎಂದ, ಕುದುರೆಗೆ. ಆಮೇಲೆ ನನ್ನ ಕಡೆ ತಿರುಗಿದ. "ನಿಮ್ ಮೇಜಿಗೆ ಹನ್ನೆರಡಕ್ಕೆ ಬರ್ತೀನಿ. ಮುಂಚೆ ಆಗಲ್ಲ. ಲಂಚ ಕೊಟ್ರೂ ಆಗಲ್ಲ."

"ಬರೋಕೆ ಮುಂಚೆ ಒಂದ್ಮಾತು ಕೇಳ್ಕೊ. ಎನಾಕ್ ಹೊಸ ಪಡೆ ತಂದಿದಾರೆ. ಪ್ರಶ್ಯನ್ನರು. ಕೋಟು ನೇರಳೆ."

ನಕ್ಕ. ನನ್ನ ಮುಖ ನೋಡಿ ನಗು ನಿಲ್ಲಿಸಿದ. "ನೇರಳೆ ಅಂದ್ರೆ... ನೀಲೀನೇ, ಒಂಚೂರು ಕೆಂಪು ಜಾಸ್ತಿ, ಹಂಗಾ?"

"ಬದನೆಕಾಯಿ."

ನೋರಿಸ್ ಹತ್ತಿರದ ಕುರ್ಚಿ ಎಳೆದು ಕುಳಿತ. "ಕಣ್ಣು, ಅಲ್ವಾ? ಪಾಪ."

"ಅದಕ್ಕೇ, ನೀನು ಬಂದು ಏನೂ ಹೇಳ್ಬಾರ್ದು."

"ಏನೂ ಅಂದ್ರೆ?"

"ಏನೂ ಅಂದ್ರೆ ಏನೂ."

"ಮೆತ್ತಗೆ, ಸುಳಿವು ಕೊಟ್ಟ ಹಾಗೆ..."

"ನೋರಿಸ್!"

"ನಿಂಗೆ ಅರ್ಥ ಆಗ್ತಿಲ್ಲ ಬ್ರಯನಿ. ಸ್ವಂತ ತಂಗಿ ಮದುವೇಲಿ ಬ್ಯಾಂಡಿನವರ ಭುಜಪಟ್ಟಿ ತಪ್ಪಿದೆ ಅಂತ ಊಟದ ಮಧ್ಯೆ ಎದ್ದು ಹೋಗಿ ಹೇಳಿದೋನು ನಾನು. ತಂಗಿ ಇನ್ನೂ ಮಾತಾಡ್ತಿಲ್ಲ."

"ಗೊತ್ತು. ಅದಕ್ಕೇ ಬೇಡ್ಕೊಳ್ತಿದೀನಿ. ಅವರು ನಿಂಗೂ ಕಲಿಸಿದೋರು."

ಅವನು ಭೂತಗನ್ನಡಿಯನ್ನು ಅಂಗಿಯೊಳಗೆ ತುರುಕಿಕೊಂಡ. "ಇದು ಹೊರಗಿದ್ರೆ ನನ್ ಕೈಲಿ ಆಗಲ್ಲ," ಎಂದ.

ಹನ್ನೆರಡಕ್ಕೆ ಸರಿಯಾಗಿ ಬಂದ. ಎನಾಕ್ ಕುರ್ಚಿಯಿಂದ ಎದ್ದು ನಿಂತು ಜಾಗ ಬಿಟ್ಟರು. ನೋರಿಸ್ ಬಗ್ಗಿ ನೋಡಿದ. ಅವನ ಕತ್ತಿನ ನರವೊಂದು ಹೊಡೆದುಕೊಳ್ಳುವುದು ನನಗೆ ಕಾಣುತ್ತಿತ್ತು. ಪುಸ್ತಕ ತೆರೆದ, ಏನೋ ಬರೆದ, ಇನ್ನೂ ಬರೆದ, ಮುಚ್ಚಿದ.

"ಏನು ನೋರಿಸ್? ತಪ್ಪು ಏನಾದ್ರೂ?" ಎಂದರು ಎನಾಕ್.

"ಟೋಪಿ," ಎಂದ ನೋರಿಸ್. ನಾನು ಮೇಜಿನಡಿ ಅವನ ಕಾಲು ಹುಡುಕಿದೆ. "ಟೋಪಿ... ಚೆನ್ನಾಗಿ ಕೂತಿದೆ."

"ಬೇರೇನೂ ಇಲ್ವಾ?"

"ಇಲ್ಲ." ಅವನ ಹಣೆಯಲ್ಲಿ ಬೆವರು. "ಎಲ್ಲಾ... ಇದೆ."

ಇಷ್ಟರಲ್ಲಿ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟ ದಢೂತಿ ಮನುಷ್ಯನೊಬ್ಬ ನಮ್ಮ ಮೇಜಿನ ಮುಂದೆ ನಿಂತು, "ಇದೇನ್ರೀ, ಪ್ರಶ್ಯನ್ನರಿಗೆ ನೇರಳೆ ಕೋಟು?" ಎಂದು ಹಾಲ್‌ಗೆಲ್ಲ ಕೇಳುವಂತೆ ಅಂದುಬಿಟ್ಟ.

ಗ್ಯಾರೆತ್ ಕಣ್ಣು ಮುಚ್ಚಿಕೊಂಡ. ನನ್ನ ನಾಲಿಗೆ ಮಾತ್ರ, ಗಿರಣಿ ಬಸ್ಸಿನ ಅಭ್ಯಾಸದಿಂದ, ತಾನಾಗಿಯೇ ಹೊರಳಿತು.

"ನಿಮಗೆ ಗೊತ್ತಿಲ್ವಾ? ಸಾವಿರದ ಏಳುನೂರ ಐವತ್ತೇಳು, ಶರತ್ಕಾಲ. ನೀಲಿ ಬಣ್ಣ ತರ್ತಿದ್ದ ಗಾಡಿ ನದೀಲಿ ಮುಳುಗೋಯ್ತು. ಬಣ್ಣಗಾರನ ಹತ್ರ ಉಳಿದಿದ್ದು ಬಿಷಪ್‌ನ ನಿಲುವಂಗಿಗೆ ಅಂತ ಇಟ್ಟಿದ್ದ ನೇರಳೆ ಒಂದೇ. ಚಳಿ ಬೇರೆ ಬಂತು. ಏನ್ಮಾಡ್ತಾರೆ, ಅದನ್ನೇ ಹಚ್ಚಿದ್ರು. ಎರಡೇ ತಿಂಗಳು ಹಾಕಿದ್ದು."

"ಹೌದಾ!" ಆ ಮನುಷ್ಯ ಪೆನ್ನು ತೆಗೆದ. "ಬಿಷಪ್‌ಗೆ ಎರಡು ಪ ಬರುತ್ತಾ... ಇರ್ಲಿ ಬಿಡಿ. ಯಾವ ನದಿ?"

"ಓಡರ್," ಎಂದೆ. ಬಾಯಿಗೆ ಬಂದ ಮೊದಲ ನದಿ.

ನೋರಿಸ್‌ನ ಗಂಟಲಿನಿಂದ ಹಿಂಡಿದಂಥ ಒಂದು ಸದ್ದು ಬಂತು. ಎನಾಕ್ ಟೀ ಲೋಟ ಹಿಡಿದು ನನ್ನನ್ನೇ ನೋಡುತ್ತಿದ್ದರು. ಆ ನೋಟ ಕೃತಜ್ಞತೆಯದು ಎಂದುಕೊಂಡೆ.

ಒಂದೂವರೆಗೆ ಇನ್ನಷ್ಟು ಟೀ ತರಲು ಸಾಲಿನಲ್ಲಿ ನಿಂತಾಗ ನನ್ನ ಹಿಂದಿದ್ದವನು ಅವನ ಗೆಳೆಯನಿಗೆ ಹೇಳುತ್ತಿದ್ದ. "ಬಿಷಪ್‌ನ ಪಡೆ ನೋಡಿದ್ಯಾ? ಅದು ಎಲ್ಲಾ ಕಡೆ ಸಿಗಲ್ಲ. ಜರ್ಮನ್ ಪುಸ್ತಕದಲ್ಲಿದೆ, ಎರಡನೇ ಸಂಪುಟ. ನಮ್ಮನೇಲಿದೆ ನಂದು."

"ನಂಗೂ ಗೊತ್ತಿತ್ತು," ಎಂದ ಗೆಳೆಯ. "ಗಾಡಿ ಎರಡಿತ್ತು, ಒಂದಲ್ಲ."

ಎರಡಕ್ಕೆ ಆಟ ಶುರುವಾಯಿತು. ಎನಾಕ್ ಮತ್ತು ಗ್ಯಾರೆತ್ ಪ್ರಶ್ಯದ ಕಡೆ, ನಾನು ಆಸ್ಟ್ರಿಯದ ಕಡೆ. ನೋರಿಸ್ ಅಂಕ ಬರೆಯಲು ಕುಳಿತ. ಹೋಗು ಎಂದರೂ ಹೋಗಲಿಲ್ಲ. ಜನ ಸುತ್ತ ಕೂಡಿದರು, ಬಿಷಪ್‌ನ ಪಡೆಯನ್ನು ನೋಡಲು.

ಹಿಮದಲ್ಲಿ ಕಾಲಾಳು ಒಂದು ಸರದಿಗೆ ನಾಲ್ಕು ಅಂಗುಲ ನಡೆಯಬೇಕು. ಎನಾಕ್ ಅಳತೆಪಟ್ಟಿ ಎಳೆದು ಎಂಟು ಅಂಗುಲ ನಡೆಸಿದರು. ನಡೆಸಿ ನನ್ನ ಮುಖ ನೋಡಿದರು.

"ಸರಿಯಾಗಿದೆ," ಎಂದೆ.

ಮುಂದಿನ ಸರದಿಗೆ ಬದನೆಕಾಯಿ ಪಡೆಯನ್ನು ನೇರವಾಗಿ ಕೆರೆಯೊಳಕ್ಕೆ ಇಳಿಸಿದರು. ಅದು ಗ್ಯಾರೆತ್ ಮೂರು ವಾರ ಕೂತು, ಪದರ ಪದರವಾಗಿ ಪಾರದರ್ಶಕ ರಾಳ ಎರೆದು, ಒಳಗೆ ಒಂದು ಮೀನು ಕೂಡ ಇಟ್ಟು ಮಾಡಿದ ಕೆರೆ. ಅದರಲ್ಲಿ ನಡೆಯುವುದು ಯಾವ ನಿಯಮದಲ್ಲೂ ಇಲ್ಲ.

"ಅದು ಕೆ..." ಎಂದ ಗ್ಯಾರೆತ್. ನಾನು ಗುರುಗುಟ್ಟಿದೆ. "ಕೆಟ್ಟ ಚಳಿ," ಎಂದು ಮುಗಿಸಿದ. "ಹೆಪ್ಪುಗಟ್ಟಿರುತ್ತೆ. ಹೋಗ್ಬಹುದು."

ಆಮೇಲೆ ಎನಾಕ್ ದಾಳ ಎಸೆದರು. ದಾಳ ಹಿಮದ ಮೇಲೆ ಉರುಳಿ, ನಾಲ್ವರ ಕಣ್ಣೆದುರಿಗೆ, ಒಂದೇ ಒಂದು ಕಪ್ಪು ಚುಕ್ಕೆ ಮೇಲಾಗಿ ನಿಂತಿತು.

"ಆರು," ಎಂದರು ಎನಾಕ್.

ನೋರಿಸ್‌ನ ಪೆನ್ನು ಜೇಬಿಗೆ ಹೋಯಿತು.

"ಆರು ಅಂತ ಬರ್ಕೋ ನೋರಿಸ್."

ನೋರಿಸ್ ನನ್ನನ್ನು ನೋಡಿದ. ನಾನು ತಲೆಯಾಡಿಸಿದೆ. ಗುಂಡಿ ನೋರಿಸ್, ನಲವತ್ತು ವರ್ಷದ ಗುಂಡಿ ನೋರಿಸ್, ತಲೆ ತಗ್ಗಿಸಿ ಆರು ಎಂದು ಬರೆದ.

ಎನಾಕ್ ಅಳತೆಪಟ್ಟಿಯನ್ನು ಮೇಜಿನ ಮೇಲಿಟ್ಟರು. ಸೈನಿಕರನ್ನು ಒಬ್ಬೊಬ್ಬರನ್ನಾಗಿ ಎತ್ತಿ ಶೂ ಡಬ್ಬಿಯಲ್ಲಿ ಮಲಗಿಸಿ, ಮುಚ್ಚಳ ಹಾಕಿದರು. "ಸಾಕು," ಎಂದರು. "ಇನ್ನು ನಾನು ಬರಲ್ಲ." ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಜನರ ನಡುವೆ ನಡೆದುಬಿಟ್ಟರು.

ಗ್ಯಾರೆತ್ ನನ್ನ ಕಡೆ ತಿರುಗಿದ. "ನಾವೇನ್ ಮಾಡಿದ್ವಿ? ಹೇಳಿದ್ದಕ್ಕೆಲ್ಲಾ ಹೂಂ ಅಂದ್ವಲ್ಲ!"

ಈಜುಕೊಳದ ಗಾಜಿನ ಗೋಡೆಯ ಪಕ್ಕದ ಮೊಗಸಾಲೆಯಲ್ಲಿ ಅವರನ್ನು ಹಿಡಿದೆ. ಗಾಜಿನಾಚೆ ಮಕ್ಕಳು ಹಲಗೆ ಹಿಡಿದು ಕಾಲು ಬಡಿಯುತ್ತಿದ್ದವು.

"ನೀನು ಕೆಲಸ ಮಾಡೋ ಮನೇಲಿ ಎಷ್ಟು ಜನ ಮುದುಕ್ರು ಇದಾರೆ?" ಎಂದರು, ತಿರುಗದೆ.

"ಮೂವತ್ತೊಂದು."

"ನನ್ನನ್ನ ಮೂವತ್ತೆರಡನೆಯೋನನ್ನಾಗಿ ಮಾಡ್ಕೊಂಡ್ಯಲ್ಲ."

ಅವರು ಗಾಜಿನಾಚೆಯ ಗೋಡೆ ಗಡಿಯಾರದತ್ತ ಬೆರಳು ತೋರಿದರು.

"ಜೂನ್‌ನಲ್ಲಿ ಪೊರೆ ತೆಗೆದ್ರು. ಎರಡೂ ಕಣ್ಣಿಂದು. ಈಗ ಆ ಗಡಿಯಾರದ ಸೆಕೆಂಡಿನ ಮುಳ್ಳೂ ಕಾಣುತ್ತೆ ನಂಗೆ. ಹೇಳೋಣ ಅಂತ ನಿಂಗೆ ಎರಡು ಸಲ ಫೋನ್ ಮಾಡಿದೆ."

ಮಾಡಿದ್ದರು. ಒಂದು ಸಲ ನಾನು ಚಿಕ್ಕವಳ ತಲೆಯಿಂದ ಹೇನು ತೆಗೆಯುತ್ತಿದ್ದೆ. ಇನ್ನೊಂದು ಸಲ ಕಾರಿನಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದೆ. ಆಮೇಲೆ ಮಾಡೋಣ ಎಂದುಕೊಂಡು ಮರೆತಿದ್ದೆ. ಕನ್ನಡಕವನ್ನು ಅವರು ಮರೆತು ಬಂದಿರಲಿಲ್ಲ. ಅದು ಅವರಿಗೆ ಬೇಕಾಗಿರಲಿಲ್ಲ.

"ಅಂದ್ರೆ ನೇರಳೆ..."

"ಕಣ್ಣು ಬಿಟ್ಕೊಂಡೇ ಹಚ್ಚಿದ್ದು, ಯಾರಾದ್ರೂ ತಪ್ಪು ಅಂತೀರಾ ನೋಡೋಕೆ. ಏಪ್ರಿಲಲ್ಲಿ ಆ ಚಕ್ರ ಸೊಟ್ಟಗೆ ಅಂಟಿಸ್ಕೊಂಡು ಬಂದಿದ್ದೆ, ನಿಜವಾಗ್ಲೂ ಕಾಣ್ತಿರ್ಲಿಲ್ಲ. ಎಲ್ರೂ 'ಚೆನ್ನಾಗಿದೆ ಎನಾಕ್' ಅಂದ್ರಿ. ಮನೆಗೆ ಹೋಗಿ ಮುಟ್ಟಿ ನೋಡಿದ್ಮೇಲೆ ಗೊತ್ತಾಯ್ತು ನಂಗೆ." ಕೋಟಿನ ತೋಳನ್ನು ತಿರುವುತ್ತಿದ್ದರು. "ನಿಂಗೆ ಹನ್ನೊಂದು ವರ್ಷ ಇದ್ದಾಗ ಮೊದಲನೇ ಪಡೆ ತಂದು ತೋರಿಸಿದ್ಯಲ್ಲ. ನಾನು ಚೆನ್ನಾಗಿದೆ ಅಂದಿದ್ನಾ?"

"ಇಲ್ಲ. ಮುಂಗೈಪಟ್ಟಿ ಅಷ್ಟೂ ತಪ್ಪು ಅಂದ್ರಿ. ನಂಗೆ ಅಳು ಬರಿಸಿದ್ರಿ."

"ಆಮೇಲೆ?"

"ಇಪ್ಪತ್ನಾಲ್ಕು ಜನಕ್ಕೂ ಮತ್ತೆ ಹಚ್ಚಿ ತಂದೆ. ಅವತ್ತಿಂದ ಸಗ್ಡನ್ ಅಂದ್ರಿ."

ಜೇಬಿನಲ್ಲಿ ಮತ್ತೆ ಫೋನ್ ನಡುಗಿತು. "ಚಡ್ಡಿ ಮೆಷಿನ್‌ನಲ್ಲೇ ಇದೆ, ಆದ್ರೆ ಒದ್ದೆ. ಏನ್ಮಾಡ್ಲಿ?" ಬೆಳಿಗ್ಗೆ ಐದಕ್ಕೆ ಎದ್ದವಳು ನಾನು. ಈಜಲು ಹೋಗುವ ಮಗುವಿಗೆ ಚಡ್ಡಿ ಒದ್ದೆಯಾಗಿದೆಯಂತೆ. ಫೋನನ್ನು ಜೇಬಿಗೆ ತುರುಕಿದೆ.

"ಕೊಡಿ ಇಲ್ಲಿ," ಎಂದು ಶೂ ಡಬ್ಬಿ ಕಿತ್ತುಕೊಂಡು ಮುಚ್ಚಳ ತೆಗೆದೆ. "ಕೋಟಿನ ಮಾತು ಬಿಡಿ, ಅದು ನಿಮ್ಮ ನಾಟಕ. ಕಾಲು ನೋಡಿ."

"ಕಾಲಿಗೇನಾಗಿದೆ?"

"ನಾವು ಆಡ್ತಿರೋ ಯುದ್ಧ ನಡೆದಿದ್ದು ಡಿಸೆಂಬರ್ ಐದನೇ ತಾರೀಕು. ನೆಲದ ತುಂಬ ಹಿಮ. ಇವರಿಗೆ ಬಿಳೀ ಕಾಲ್ಪಟ್ಟಿ ಕಟ್ಟಿದೀರಲ್ಲ, ಯುದ್ಧಕ್ಕೆ ಹೊರಟಿದಾರೋ ಮದುವೆಗೆ ಹೊರಟಿದಾರೋ? ಕಪ್ಪು ಇರ್ಬೇಕು! ಕಪ್ಪು! ಮೂವತ್ತಮೂರು ವರ್ಷದಿಂದ ನನ್ನ ಪ್ರಾಣ ತಿಂದಿದೀರಿ ಕಪ್ಪು ಕಪ್ಪು ಅಂತ. ನಾಚಿಕೆ ಆಗ್ಬೇಕು ನಿಮಗೆ."

ಗಾಜಿನಾಚೆ ಈಜು ಕಲಿಸುವವಳು ತಿರುಗಿ ನೋಡಿದಳು.

ಎನಾಕ್ ಒಬ್ಬ ಸೈನಿಕನನ್ನು ಎತ್ತಿ ಬೆಳಕಿಗೆ ಹಿಡಿದರು. ಇನ್ನೊಬ್ಬನನ್ನು ಎತ್ತಿದರು. ಅವರ ಕಿವಿ ಮೆಲ್ಲಗೆ ಕೆಂಪಾಯಿತು. ಇದು ಪರೀಕ್ಷೆಯ ಪಟ್ಟಿಯಲ್ಲಿ ಇರಲಿಲ್ಲ ಎಂದು ನನಗೆ ಆಗ ತಿಳಿಯಿತು.

"ಬಿಳಿ," ಎಂದರು. "ಅಯ್ಯೋ ದೇವ್ರೇ, ಬಿಳಿ. ಕೋಟಿನ ಮೇಲೇ ಗಮನ ಇಟ್ಟು..."

"ಅಷ್ಟೂ ಜನಕ್ಕೆ."

"ನೀನು ಯಾವಾಗ ನೋಡ್ದೆ?"

"ಮುಚ್ಚಳ ತೆಗೆದ ತಕ್ಷಣ."

"ಮತ್ತೆ ಬಾಯ್ಮುಚ್ಕೊಂಡು ಓಡರ್ ನದಿ ಕತೆ ಹೇಳಿದ್ಯಾ? ಥೂ ನಿನ್ನ, ಸಗ್ಡನ್!"

ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಎರಡನ್ನೂ ಅವರು ನೋಡದಂತೆ ತಲೆ ಬಗ್ಗಿಸಿ ಮುಚ್ಚಳ ಹಾಕಿದೆ. ಆ ಕಣ್ಣಿಗೆ ಈಗ ಎಲ್ಲ ಕಾಣುತ್ತದೆ ಎಂಬುದು ಮರೆತಿತ್ತು.

ನಾವು ಮೇಜಿಗೆ ಮರಳಿದಾಗ ನೋರಿಸ್ ಇನ್ನೂ ಆ ಆರನ್ನು ನೋಡುತ್ತ ಕೂತಿದ್ದ.

"ಹೇಳು ನೋರಿಸ್," ಎಂದರು ಎನಾಕ್, ಕೋಟನ್ನು ಕುರ್ಚಿಗೆ ಹಾಕುತ್ತ. "ಇವಳಿಗೆ ಹೆದರ್ಬೇಡ."

ನೋರಿಸ್ ನನ್ನನ್ನು ನೋಡಿದ. ನಾನು ಕೈ ಚೆಲ್ಲಿದೆ. ಅವನು ಅಂಗಿಯೊಳಗಿಂದ ಭೂತಗನ್ನಡಿ ಎಳೆದ, ಪುಸ್ತಕದ ರಬ್ಬರ್ ಪಟ್ಟಿ ಕಿತ್ತ. "ಹದಿನಾಲ್ಕು!" ಎಂದ. ದನಿ ಒಡೆದಿತ್ತು. "ಹದಿನಾಲ್ಕು ತಪ್ಪು! ಕೋಟು. ಕಾಲ್ಪಟ್ಟಿ. ಅಧಿಕಾರಿಯ ನಡುಪಟ್ಟಿಯಲ್ಲಿ ಕಪ್ಪು ಎಳೆ ಇಲ್ಲ. ಡೋಲಿನವನ ಎಡಗೈ ಕೋಲು ಬಲಗೈಗಿಂತ ಉದ್ದ. ಆಮೇಲೆ ದಾಳ! ಅದು ಒಂದು ಎನಾಕ್, ಒಂದು, ಅದನ್ನ ಆರು ಅಂತ ನನ್ನ ಕೈಯಲ್ಲಿ ಬರೆಸಿದ್ರಿ!"

"ಕೆರೆ ಬೇರೆ!" ಎಂದು ಗ್ಯಾರೆತ್ ಕೂಗಿದ. "ಒಳಗೆ ಮೀನಿದೆ ರೀ ಅದರಲ್ಲಿ! ಮೀನಿನ ತಲೆ ಮೇಲೆ ನಡೆಸಿದ್ರಿ!"

ಎನಾಕ್ ಕಾಲು ಚಾಚಿ ಕುಳಿತು ಹದಿನಾಲ್ಕನ್ನೂ ಕೇಳಿದರು. ನಡುನಡುವೆ "ಇನ್ನೊಂದ್ಸಲ ಹೇಳು" ಎನ್ನುತ್ತಿದ್ದರು. ಎರಡು ತಪ್ಪು ಒಪ್ಪಲಿಲ್ಲ, ಅದಕ್ಕೆ ಹತ್ತು ನಿಮಿಷ ಜಗಳವಾಯಿತು. ಅಷ್ಟರಲ್ಲಿ ನಾನು ಬಣ್ಣದ ಅಂಗಡಿಯಿಂದ ಒಂದು ಪುಟ್ಟ ಕಪ್ಪು ಡಬ್ಬಿ, ಎರಡು ಕುಂಚ ತಂದೆ. ಹನ್ನೆರಡು ಜನರ ಕಾಲು ಅವರಿಗೆ, ಹನ್ನೆರಡು ನನಗೆ. ಅವರ ಗೆರೆ ನನ್ನದಕ್ಕಿಂತ ನೆಟ್ಟಗಿತ್ತು.

"ಕೋಟು ಮನೇಲಿ ಹಚ್ಚಿ," ಎಂದೆ. "ಮುಂದಿನ ತಿಂಗಳೊಳಗೆ. ನೀಲಿ."

"ಕೋಟು ಮುಟ್ಟಲ್ಲ."

"ಎನಾಕ್!"

"ಅದಕ್ಕೆ ದಾಖಲೆ ಇದೆ ಸಗ್ಡನ್." ಮೇಜಿನ ಸುತ್ತ ನಿಂತವರ ಕಡೆ ತಿರುಗಿದರು. ಕಿತ್ತಳೆ ಜಾಕೆಟ್ಟಿನವನು ಮುಂದಿನ ಸಾಲಿನಲ್ಲೇ ಇದ್ದ. "ಏನ್ರೀ, ಇದೆಯೋ ಇಲ್ವೋ?"

"ಎರಡನೇ ಸಂಪುಟ," ಎಂದ ಆ ಮನುಷ್ಯ, ಅಪಾರ ವಿಶ್ವಾಸದಿಂದ.

ನೋರಿಸ್ ಪುಸ್ತಕದಲ್ಲಿ ಮುಖ ಹುದುಗಿಸಿದ.

ಕಾಲಿನ ಬಣ್ಣ ಒಣಗುವ ಮೊದಲೇ ಬಿಷಪ್‌ನ ಪಡೆ ಕೆರೆಯನ್ನು ಬಳಸಿಕೊಂಡು, ಸರದಿಗೆ ನಾಲ್ಕೇ ಅಂಗುಲದಂತೆ, ನನ್ನ ಆಸ್ಟ್ರಿಯನ್ನರ ಎದುರಿಗೆ ಬಂದು ನಿಂತಿತು. ಹೊಸದಾಗಿ ಬಣ್ಣ ಹಚ್ಚಿದ ಪಡೆ ಮೊದಲ ಕಾಳಗದಲ್ಲಿ ಬೆನ್ನು ತೋರಿಸುತ್ತದೆ ಎಂದು ನಮ್ಮಲ್ಲಿ ಎಲ್ಲರೂ ನಂಬುತ್ತಾರೆ. ನಾನು ಗುಂಡು ಹಾರಿಸಿದೆ. ಓಡದೆ ನಿಲ್ಲಬೇಕಾದರೆ ಎನಾಕ್‌ಗೆ ಎರಡು ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕಿತ್ತು.

ಅವರು ದಾಳವನ್ನು ಅಂಗೈಯಲ್ಲಿ ಬಹಳ ಹೊತ್ತು ಕುಲುಕಿ ಎಸೆದರು. ಅದು ಹಿಮದ ಮೇಲೆ ಉರುಳಿ, ಗ್ಯಾರೆತ್‌ನ ಪುಟ್ಟ ಆಟದ ಬೇಲಿಗೆ ತಾಗಿ, ನಿಂತಿತು.

"ಆರು," ಎಂದರು ಎನಾಕ್.

"ಒಂದು!" ಎಂದು ನಾನು, ಗ್ಯಾರೆತ್, ನೋರಿಸ್, ಕಿತ್ತಳೆ ಜಾಕೆಟ್ಟಿನವನು, ಅವನ ಹಿಂದೆ ನಿಂತಿದ್ದ ಗುರುತಿಲ್ಲದ ಹತ್ತು ಹನ್ನೆರಡು ಜನ, ಎಲ್ಲರೂ ಒಟ್ಟಿಗೆ ಕಿರುಚಿದೆವು.

ಎನಾಕ್ ತೃಪ್ತಿಯಿಂದ ತಲೆದೂಗಿ, ಇಪ್ಪತ್ನಾಲ್ಕು ಬದನೆಕಾಯಿಗಳನ್ನೂ ಹಿಂದಕ್ಕೆ ತಿರುಗಿಸಿ, ಓಡಿಸಿದರು.